ಬೇಯ್ಸನ ಸರಳಸೂತ್ರವೂ ಶೋಧನಮಾರ್ಗವೂ: ಯಂತ್ರಕಲಿಕೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

೧

ಕೆಲವು ಲಕ್ಷಣಗಳನ್ನು ನೋಡಿ, ಅವುಳ್ಳ ವಸ್ತುವಾಗಲಿ ವ್ಯಕ್ತಿಯಾಗಲಿ ಯಾವ ವರ್ಗಕ್ಕೆ ಸೇರತಕ್ಕದ್ದೆಂದು ನಿರ್ಣಯಿಸುವ ಕಾರ್ಯ ಮನುಷ್ಯನಿಗೆ ಹೊಸದಲ್ಲ. ವೈದ್ಯನು ನಾಡಿ ಹಿಡಿದು ರೋಗವನ್ನು ಹೇಳುತ್ತಾನೆ. ಸಾಲ ಕೊಡುವವನು ಕೇಳಬಂದವನ ಉದ್ಯೋಗ, ಆಸ್ತಿ, ಹಿಂದಿನ ನಡವಳಿಕೆ ಇವುಗಳನ್ನು ವಿಚಾರಿಸಿ, ಕೊಡಬಹುದೋ ಬಾರದೋ ಎಂದು ತೀರ್ಮಾನಿಸುತ್ತಾನೆ. ಗ್ರಂಥಪಾಲಕನು ಪುಸ್ತಕದ ನಾಲ್ಕು ಪುಟ ತಿರುವಿ ಅದನ್ನು ಯಾವ ಕಪಾಟಿನಲ್ಲಿಡಬೇಕೆಂದು ಗೊತ್ತುಮಾಡುತ್ತಾನೆ. ಹಿಂದಿನ ದಾಖಲೆಗಳ ಆಧಾರದಿಂದ ಇಂಥ ಕಾರ್ಯಗಳನ್ನು ಗಣಕಯಂತ್ರಕ್ಕೆ ಕಲಿಸುವ ಶಾಸ್ತ್ರವೇ ಯಂತ್ರಕಲಿಕೆ. ಈ ಶಾಸ್ತ್ರದ ವರ್ಗೀಕರಣ ವಿಧಾನಗಳಲ್ಲಿ ಅತ್ಯಂತ ಸರಳವಾದವುಗಳಲ್ಲಿ ಒಂದು, ಇಂಗ್ಲಿಷಿನಲ್ಲಿ ‘ನಯೀವ್ ಬೇಯ್ಸ್’ ಎಂದು ಪ್ರಸಿದ್ಧವಾದ ಸೂತ್ರ. ‘ನಯೀವ್’ ಎಂದರೆ ಮುಗ್ಧ. ಈ ಹೆಸರು ಸ್ವಲ್ಪ ಹಾಸ್ಯದಿಂದ ಬಂದುದಾದರೂ ಅನ್ವರ್ಥವೇ ಆಗಿದೆ.

ಸೂತ್ರದ ಸ್ವರೂಪ ಹೀಗಿದೆ. ಮೊದಲು ಪ್ರತಿಯೊಂದು ವರ್ಗವೂ ಸಾಮಾನ್ಯವಾಗಿ ಎಷ್ಟು ಸಂಭವನೀಯವೆಂದು ಹಿಂದಿನ ದಾಖಲೆಗಳಿಂದ ಎಣಿಸಬೇಕು. ಬಳಿಕ, ಆಯಾ ವರ್ಗದಲ್ಲಿ ಒಂದೊಂದು ಲಕ್ಷಣವೂ ಎಷ್ಟು ಬಾರಿ ಕಂಡುಬಂದಿದೆಯೆಂದು ಎಣಿಸಬೇಕು. ಹೊಸ ಪ್ರಸಂಗವೊಂದು ಬಂದಾಗ ಅದರ ಲಕ್ಷಣಗಳಿಗೆ ಸಲ್ಲುವ ಸಂಭವನೀಯತೆಗಳನ್ನೆಲ್ಲ ಗುಣಿಸಿ, ಯಾವ ವರ್ಗಕ್ಕೆ ಗುಣಲಬ್ಧ ಹೆಚ್ಚಾಗುವುದೋ ಆ ವರ್ಗವನ್ನು ಹೇಳಬೇಕು. ಹೀಗೆ ಗುಣಿಸುವುದರಲ್ಲಿ ಒಂದು ಭಾವನೆ ಅಡಗಿದೆ: ವರ್ಗ ಯಾವುದೆಂದು ಗೊತ್ತಾದಮೇಲೆ ಲಕ್ಷಣಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಸ್ವತಂತ್ರವಾಗಿರುತ್ತವೆ ಎಂಬುದೇ ಆ ಭಾವನೆ. ಲೋಕದಲ್ಲಿ ಹೀಗಿರುವುದು ವಿರಳ.

ಒಂದು ದೃಷ್ಟಾಂತದಿಂದ ಇದರ ಪರಿಣಾಮ ಸ್ಪಷ್ಟವಾಗುವುದು. ಸಾಲ ತೀರಿಸುವವನು, ತೀರಿಸದವನು ಎಂಬ ಎರಡು ವರ್ಗಗಳಿವೆ. ಮೊದಲ ಅಂದಾಜಿನಲ್ಲಿ ಎರಡೂ ಸಮ. ಸ್ಥಿರವಾದ ಉದ್ಯೋಗವೆಂಬ ಲಕ್ಷಣ ತೀರಿಸುವವರಲ್ಲಿ ಎರಡು ಪಟ್ಟು ಹೆಚ್ಚಾಗಿ ಕಾಣುವುದಾದರೆ, ಅದನ್ನು ಕಂಡೊಡನೆ ಅಂದಾಜು ೨ಕ್ಕೆ ೧ ಆಗುತ್ತದೆ. ಆದರೆ ಅದೇ ಸಂಗತಿ ‘ಉದ್ಯೋಗದ ಅವಧಿ’, ‘ಮಾಸಿಕ ಸಂಬಳ’, ‘ವೃತ್ತಿಯ ದರ್ಜೆ’ ಎಂಬ ಮೂರು ಅಂಕಣಗಳಲ್ಲಿ ಮೂರು ಹೆಸರಿನಿಂದ ಬಂದಿತೆನ್ನೋಣ. ಮುಗ್ಧಸೂತ್ರವು ಮೂರನ್ನೂ ಬೇರೆಬೇರೆ ಸಾಕ್ಷಿಗಳೆಂದು ಬಗೆದು ಅಂದಾಜನ್ನು ೮ಕ್ಕೆ ೧ ಮಾಡುತ್ತದೆ. ಕಿರ್ದಿಯಲ್ಲಿ ಒಂದೇ ಜಮೆಯನ್ನು ಮೂರು ಸಲ ಬರೆದರೆ ಶಿಲ್ಕು ಹೇಗೆ ಉಬ್ಬುವುದೋ ಹಾಗೆಯೇ ಇದು.

ಈ ದೋಷವನ್ನು ತಿದ್ದುವುದಕ್ಕಾಗಿ ವಿದ್ವಾಂಸರು ಕಂಡುಕೊಂಡ ಪ್ರಮುಖ ಮಾರ್ಗ ‘ಹ್ಯೂರಿಸ್ಟಿಕ್’ ಶೋಧನೆ, ಎಂದರೆ ಎಲ್ಲ ದಾರಿಗಳನ್ನೂ ತುಳಿಯದೆ ಯುಕ್ತಿಯಿಂದ ಕೆಲವನ್ನು ಮಾತ್ರ ಆರಿಸಿ ಹುಡುಕುವ ಕ್ರಮ. ಈ ಪ್ರಯತ್ನ ಎಲ್ಲಿಂದ ಹೊರಟಿತು, ಎಷ್ಟು ಸಾಧಿಸಿತು, ಎಲ್ಲಿ ನಿಂತಿತು ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಸೂತ್ರಕ್ಕೆ ಹೆಸರಿತ್ತ ಥಾಮಸ್ ಬೇಯ್ಸನು ಇಂಗ್ಲೆಂಡಿನ ಒಬ್ಬ ಪಾದ್ರಿ. ಆತನು ೧೭೬೧ರಲ್ಲಿ ತೀರಿಕೊಂಡನು. ಆತನ ಕಾಗದಪತ್ರಗಳಲ್ಲಿ ದೊರೆತ ಪ್ರಬಂಧವನ್ನು ಮಿತ್ರನಾದ ರಿಚರ್ಡ್ ಪ್ರೈಸನು ರಾಯಲ್ ಸೊಸೈಟಿಗೆ ಒಪ್ಪಿಸಿದನು; ೧೭೬೩ರ ಡಿಸೆಂಬರಿನಲ್ಲಿ ಅದನ್ನು ಅಲ್ಲಿ ಓದಲಾಯಿತು. ಕಾರ್ಯವನ್ನು ಕಂಡು ಕಾರಣದ ಸಂಭವನೀಯತೆಯನ್ನು ಊಹಿಸುವ ಈ ವಿಚಾರವನ್ನು ಫ್ರಾನ್ಸಿನ ಲಾಪ್ಲಾಸನು ೧೭೭೪ರಲ್ಲಿ ಸ್ವತಂತ್ರವಾಗಿ ಮಂಡಿಸಿ ಮುಂದೆ ವಿಸ್ತರಿಸಿದನು. ಆದರೆ ಅನೇಕ ಲಕ್ಷಣಗಳನ್ನು ಒಟ್ಟುಗೂಡಿಸಿ ವರ್ಗವನ್ನು ಹೇಳಿಸುವ ಯಂತ್ರಸೂತ್ರವಾಗಿ ಇದು ರೂಪುಗೊಂಡದ್ದು ಗಣಕಯಂತ್ರ ಬಂದಮೇಲೆ.

ಈ ದೃಷ್ಟಿಯಿಂದ ೧೯೬೧ನೆಯ ಇಸವಿ ಗಮನಾರ್ಹವಾದುದು. ಆ ವರ್ಷ ಅಮೆರಿಕದ ಎಂ. ಇ. ಮರೋನ್ ಅವರು ಲೇಖನಗಳನ್ನು ಯಂತ್ರದಿಂದ ವಿಷಯಾನುಸಾರವಾಗಿ ವಿಂಗಡಿಸುವ ಪ್ರಯೋಗವನ್ನು ಪ್ರಕಟಿಸಿದರು. ಗಣಕಯಂತ್ರಗಳನ್ನು ಕುರಿತ ೪೦೫ ಲೇಖನಸಾರಾಂಶಗಳನ್ನು ತೆಗೆದುಕೊಂಡು, ೨೬೦ನ್ನು ಕಲಿಕೆಗೂ ೧೪೫ನ್ನು ಪರೀಕ್ಷೆಗೂ ಅವರು ಮೀಸಲಿಟ್ಟರು. ವಿಷಯಗಳು ೩೨; ಸುಳಿವು ಕೊಡತಕ್ಕ ಪದಗಳೆಂದು ಆರಿಸಿದವು ೯೦. ಕಲಿಕೆಗೆ ಬಳಸಿದ ಲೇಖನಗಳನ್ನೇ ಮತ್ತೆ ಕೊಟ್ಟಾಗ ಯಂತ್ರದ ಉತ್ತರಗಳು ಬಹುಮಟ್ಟಿಗೆ ಸರಿಯಾಗಿದ್ದವು. ಹಿಂದೆ ಕಾಣದ ಲೇಖನಗಳಲ್ಲಿಯಾದರೋ, ಎರಡು ಅಥವಾ ಹೆಚ್ಚು ಸುಳಿವುಪದಗಳಿದ್ದವುಗಳ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಸರಿಯಾದುವು. ಗಿಳಿಪಾಠಕ್ಕೂ ನಿಜವಾದ ಕಲಿಕೆಗೂ ಇರುವ ಈ ಅಂತರ ಮುಂದಿನ ಚರಿತ್ರೆಯಲ್ಲೆಲ್ಲ ಕಾಣಿಸಿಕೊಳ್ಳುತ್ತದೆ.

ಅದೇ ೧೯೬೧ರಲ್ಲಿ ಸಾಲ್ಟ್ ಲೇಕ್ ಸಿಟಿಯ ಹೋಮರ್ ವಾರ್ನರ್ ಮತ್ತು ಅವರ ಸಂಗಡಿಗರು ಹುಟ್ಟಿನಿಂದ ಬಂದ ಹೃದ್ರೋಗಗಳ ನಿದಾನಕ್ಕೆ ಇದೇ ತತ್ತ್ವವನ್ನು ಉಪಯೋಗಿಸಿದರು. ಹತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಡಿ ಡೊಂಬಾಲ್ ಮತ್ತು ಸಹೋದ್ಯೋಗಿಗಳು ತೀವ್ರವಾದ ಹೊಟ್ಟೆನೋವಿನಿಂದ ಬಂದ ೩೦೪ ರೋಗಿಗಳ ವಿಷಯದಲ್ಲಿ ಅದನ್ನು ಪರೀಕ್ಷಿಸಿದರು. ೧೯೭೨ರ ವರದಿಯಂತೆ ಯಂತ್ರದ ನಿದಾನ ನೂರಕ್ಕೆ ೯೧.೮ರಷ್ಟು ಸರಿಯಾಗಿತ್ತು, ಹಿರಿಯ ವೈದ್ಯರದು ೭೯.೬. ತಪ್ಪೆಂದು ಎಲ್ಲರೂ ಬಲ್ಲ ಒಂದು ಭಾವನೆಯ ಮೇಲೆ ನಿಂತ ಸೂತ್ರವು ಅನುಭವಿಗಳನ್ನು ಮೀರಿಸಿತೆಂಬುದು ಆಶ್ಚರ್ಯಕ್ಕೆ ಕಾರಣವಾಯಿತು. ‘ಇದಿಷ್ಟೇ ಸರಳವಾಗಿದ್ದು ಇಷ್ಟು ಮಾಡುವುದಾದರೆ, ತಿದ್ದಿದರೆ ಇನ್ನೆಷ್ಟು ಮಾಡೀತು?’ ಎಂಬ ಪ್ರಶ್ನೆ ಏಳುವುದು ಸಹಜವೇ.

೩

ಶೋಧನಮಾರ್ಗದ ವಿಚಾರ ಬೇರೊಂದು ಮನೆಯಲ್ಲಿ ಬೆಳೆಯಿತು. ಗಣಿತಜ್ಞ ಜಾರ್ಜ್ ಪೋಲ್ಯರು ೧೯೪೫ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ, ಸಮಸ್ಯೆ ಬಿಡಿಸುವ ಯುಕ್ತಿಗಳ ಶಾಸ್ತ್ರಕ್ಕೆ ಹಳೆಯ ‘ಹ್ಯೂರಿಸ್ಟಿಕ್’ ಎಂಬ ಹೆಸರನ್ನು ಮತ್ತೆ ಬಳಕೆಗೆ ತಂದರು. ೧೯೫೬ರ ವೇಳೆಗೆ ನ್ಯೂವೆಲ್, ಶಾ, ಸೈಮನ್ ಎಂಬ ಮೂವರು ತರ್ಕಶಾಸ್ತ್ರದ ಪ್ರಮೇಯಗಳನ್ನು ಇಂಥ ಯುಕ್ತಿಗಳಿಂದ ಸಾಧಿಸುವ ಗಣಕಕ್ರಮವನ್ನು ರಚಿಸಿದರು. ಮರೋನರ ಪ್ರಯೋಗ ಬೆಳಕು ಕಂಡ ೧೯೬೧ರಲ್ಲಿಯೇ ಮಾರ್ವಿನ್ ಮಿನ್‌ಸ್ಕಿಯವರು ಬರೆದ ವಿಸ್ತಾರವಾದ ಸಮೀಕ್ಷಾಲೇಖನದಲ್ಲಿ ಎರಡೂ ವಿಷಯಗಳಿಗೆ ಸ್ಥಾನ ದೊರೆಯಿತು: ಸ್ವತಂತ್ರ ಲಕ್ಷಣಗಳನ್ನು ಬೇಯ್ಸನ ರೀತಿಯಲ್ಲಿ ಕೂಡಿಸುವುದು ಒಂದು ಕಡೆ, ಗುಡ್ಡವೇರುವವನಂತೆ ಹೆಜ್ಜೆಹೆಜ್ಜೆಗೂ ಎತ್ತರದ ಕಡೆಗೆ ಸಾಗುವ ಶೋಧನೆ ಇನ್ನೊಂದು ಕಡೆ. ಆದರೂ ಇವೆರಡೂ ಸಂಪೂರ್ಣವಾಗಿ ಒಂದುಗೂಡಲು ಇನ್ನೂ ಮೂವತ್ತು ವರ್ಷಗಳು ಬೇಕಾದುವು.

ಈ ನಡುವೆ, ಅಕ್ಷರ ಮತ್ತು ಆಕೃತಿಗಳನ್ನು ಯಂತ್ರದಿಂದ ಗುರುತಿಸುವ ಕಾರ್ಯದಲ್ಲಿ ತೊಡಗಿದ್ದವರು ಒಂದು ಮುಖ್ಯ ಪ್ರಶ್ನೆಯನ್ನು ಎತ್ತಿಕೊಂಡರು: ಇರುವ ಲಕ್ಷಣಗಳಲ್ಲಿ ಯಾವುವನ್ನು ಉಳಿಸಿಕೊಳ್ಳಬೇಕು, ಯಾವುವನ್ನು ಬಿಡಬೇಕು? ಇಪ್ಪತ್ತು ಲಕ್ಷಣಗಳಿದ್ದರೆ ಅವುಗಳಿಂದಾಗುವ ಗುಂಪುಗಳು ೧೦,೪೮,೫೭೬. ಮೂವತ್ತಾದರೆ ನೂರು ಕೋಟಿಯನ್ನೂ ಮೀರುತ್ತವೆ. ಎಲ್ಲವನ್ನೂ ಪರೀಕ್ಷಿಸುವುದು ಸಾಧ್ಯವಲ್ಲ. ೧೯೬೩ರಲ್ಲಿ ಮ್ಯಾರಿಲ್ ಮತ್ತು ಗ್ರೀನ್ ಎಂಬವರು ಎಲ್ಲ ಲಕ್ಷಣಗಳಿಂದ ಹೊರಟು ಒಂದೊಂದಾಗಿ ಕಳೆಯುತ್ತ ಹೋಗುವ ಕ್ರಮವನ್ನೂ, ೧೯೭೧ರಲ್ಲಿ ವಿಟ್ನಿಯವರು ಶೂನ್ಯದಿಂದ ಹೊರಟು ಒಂದೊಂದಾಗಿ ಸೇರಿಸುತ್ತ ಹೋಗುವ ಕ್ರಮವನ್ನೂ ವಿವರಿಸಿದರು. ಸೇರಿಸುವ ಕ್ರಮದಲ್ಲಿ ಮೊದಲ ಸುತ್ತಿಗೆ ೨೦, ಮುಂದಿನದಕ್ಕೆ ೧೯, ಹೀಗೆ ಹೆಚ್ಚೆಂದರೆ ೨೧೦ ಪರೀಕ್ಷೆಗಳು ಸಾಕು. ಹತ್ತು ಲಕ್ಷಕ್ಕೆ ಬದಲಾಗಿ ಇನ್ನೂರ ಹತ್ತು ಎಂಬುದೇ ಯುಕ್ತಿಶೋಧನೆಯ ಲಾಭ.

ಲಾಭದೊಡನೆ ಒಂದು ನಷ್ಟವೂ ಉಂಟು. ೧೯೭೪ರಲ್ಲಿ ಥಾಮಸ್ ಕವರ್ ಅವರು, ವರ್ಗದೊಳಗೆ ಲಕ್ಷಣಗಳು ನಿಜವಾಗಿಯೂ ಸ್ವತಂತ್ರವಾಗಿರುವಲ್ಲಿ ಕೂಡ, ಬಿಡಿಬಿಡಿಯಾಗಿ ಉತ್ತಮವೆನಿಸಿದ ಎರಡು ಲಕ್ಷಣಗಳು ಜೋಡಿಯಾಗಿ ಉತ್ತಮವಾಗಿರಬೇಕೆಂಬ ನಿಯಮವಿಲ್ಲವೆಂದು ತೋರಿಸಿದರು. ಹೆಜ್ಜೆಹೆಜ್ಜೆಗೂ ಉತ್ತಮವಾದುದನ್ನೇ ಆರಿಸುತ್ತ ಹೋದರೂ ಕೊನೆಗೆ ಉತ್ತಮವಾದ ಗುಂಪು ತಪ್ಪಿಹೋಗಬಹುದು. ಸಣ್ಣ ಗುಡ್ಡದ ನೆತ್ತಿಯನ್ನು ಮುಟ್ಟಿ, ಅದನ್ನೇ ದೊಡ್ಡ ಬೆಟ್ಟವೆಂದು ನಂಬುವ ಅಪಾಯ ಈ ಮಾರ್ಗಕ್ಕೆ ಹುಟ್ಟಿನಿಂದಲೇ ಅಂಟಿದೆ.

೪

೧೯೮೭ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿ ದತ್ತಾಂಶಗಳ ಒಂದು ಭಂಡಾರ ಸ್ಥಾಪಿತವಾಯಿತು. ಬೇರೆಬೇರೆ ದೇಶಗಳ ವಿದ್ವಾಂಸರು ಒಂದೇ ಪಟ್ಟಿಗಳ ಮೇಲೆ ತಮ್ಮ ಸೂತ್ರಗಳನ್ನು ಪರೀಕ್ಷಿಸಿ ಹೋಲಿಸಲು ಇದರಿಂದ ಅನುಕೂಲವಾಯಿತು. ಮುಗ್ಧಸೂತ್ರವನ್ನು ತಿದ್ದುವ ಪ್ರಯತ್ನಗಳು ದಟ್ಟವಾಗಿ ಬಂದದ್ದು ಇದಾದ ಮೇಲಿನ ದಶಕದಲ್ಲಿ. ಅವುಗಳಲ್ಲಿ ಮೂರು ದಾರಿಗಳನ್ನು ಗುರುತಿಸಬಹುದು.

ಮೊದಲನೆಯದು ಲಕ್ಷಣಗಳನ್ನು ಆರಿಸುವ ದಾರಿ. ೧೯೯೪ರಲ್ಲಿ ಪ್ಯಾಟ್ ಲ್ಯಾಂಗ್ಲಿ ಮತ್ತು ಸ್ಟೆಫನಿ ಸೇಜ್ ಅವರು ಶೂನ್ಯದಿಂದ ಹೊರಟು, ವರ್ಗೀಕರಣಕ್ಕೆ ಹೆಚ್ಚು ನೆರವಾಗುವ ಲಕ್ಷಣವನ್ನು ಒಂದೊಂದಾಗಿ ಸೇರಿಸುತ್ತ, ಸೇರಿಸುವುದರಿಂದ ಹಾನಿಯಾಗತೊಡಗಿದೊಡನೆ ನಿಲ್ಲಿಸುವ ‘ಆಯ್ದ’ ಬೇಯ್ಸ್‌ಸೂತ್ರವನ್ನು ಮುಂದಿಟ್ಟರು. ಸಂಬಳದ ಅಂಕಣ ಒಳಗೆ ಬಂದಮೇಲೆ ಅದನ್ನೇ ಬೇರೆ ಮಾತಿನಲ್ಲಿ ಹೇಳುವ ಅಂಕಣದಿಂದ ಹೊಸ ಪ್ರಯೋಜನವಿಲ್ಲವಾದ್ದರಿಂದ ಅದು ಹೊರಗುಳಿಯುತ್ತದೆ. ಎರಡು ಬಾರಿ ಬರೆದ ಜಮೆಯನ್ನು ಹೊಡೆದುಹಾಕುವ ಕ್ರಮವೇ ಇದು. ರಾನ್ ಕೊಹಾವಿ ಮತ್ತು ಜಾರ್ಜ್ ಜಾನ್ ಅವರು ೧೯೯೭ರ ಪ್ರಬಂಧದಲ್ಲಿ ಈ ವಿಚಾರವನ್ನು ಸಾಮಾನ್ಯ ಶಾಸ್ತ್ರವಾಗಿ ಬೆಳೆಸಿದರು. ಲಕ್ಷಣಗಳ ಗುಂಪನ್ನು ಬೇರೊಂದು ಅಳತೆಗೋಲಿನಿಂದ ಅಳೆಯದೆ, ಅದನ್ನು ಬಳಸತಕ್ಕ ಸೂತ್ರವನ್ನೇ ಓಡಿಸಿ ನೋಡಿ ಬೆಲೆಕಟ್ಟಬೇಕೆಂಬುದು ಅವರ ಮತ.

ಎರಡನೆಯದು ಲಕ್ಷಣಗಳನ್ನು ಕೂಡಿಸುವ ದಾರಿ. ೧೯೯೧ರಲ್ಲಿ ಸ್ಲೊವೇನಿಯದ ಇಗೋರ್ ಕೊನೊನೆಂಕೊ ಅವರು ಪರಸ್ಪರ ಅವಲಂಬಿಸಿದ ಅಂಶಗಳನ್ನು ಒಂದಾಗಿ ಎಣಿಸುವ ‘ಅರೆಮುಗ್ಧ’ ಸೂತ್ರವನ್ನು ಸೂಚಿಸಿದ್ದರು. ಮೈಕೆಲ್ ಪಜ್ಜಾನಿಯವರು ಐದಾರು ವರ್ಷಗಳಲ್ಲಿಯೇ ಇದನ್ನು ಶೋಧನಮಾರ್ಗಕ್ಕೆ ಒಳಪಡಿಸಿದರು. ಅವರ ಕ್ರಮದಲ್ಲಿ ಪ್ರತಿ ಹೆಜ್ಜೆಯಲ್ಲಿಯೂ ಒಂದು ಲಕ್ಷಣವನ್ನು ಸೇರಿಸಬಹುದು ಅಥವಾ ಕಳೆಯಬಹುದು. ಇಲ್ಲವೇ ಎರಡನ್ನು ಬೆಸೆದು ಒಂದೇ ಲಕ್ಷಣವನ್ನಾಗಿ ಮಾಡಬಹುದು. ಹತ್ತೇ ಲಕ್ಷಣಗಳನ್ನು ಬೇರೆಬೇರೆ ಗುಂಪುಗಳಾಗಿ ಬೆಸೆಯುವ ರೀತಿಗಳು ೧,೧೫,೯೭೫ ಇರುವುದರಿಂದ ಇಲ್ಲಿಯೂ ಯುಕ್ತಿಯಲ್ಲದೆ ಗತ್ಯಂತರವಿಲ್ಲ.

ಮೂರನೆಯದು ಲಕ್ಷಣಗಳ ನಡುವೆ ಸಂಬಂಧದ ಗೆರೆಗಳನ್ನು ಎಳೆಯುವ ದಾರಿ. ೧೯೯೭ರಲ್ಲಿ ಫ್ರೀಡ್‌ಮನ್, ಗೈಗರ್, ಗೋಲ್ಡ್‌ಜ್ಮಿಟ್ ಎಂಬ ಮೂವರು, ಪ್ರತಿಯೊಂದು ಲಕ್ಷಣವೂ ವರ್ಗವನ್ನಲ್ಲದೆ ಹೆಚ್ಚೆಂದರೆ ಇನ್ನೊಂದು ಲಕ್ಷಣವನ್ನು ಅವಲಂಬಿಸಲು ಅವಕಾಶ ಕೊಟ್ಟರು. ಆಗ ಸಂಬಂಧಗಳೆಲ್ಲ ಸೇರಿ ಒಂದು ಮರದ ಆಕಾರವಾಗುತ್ತದೆ. ಹತ್ತು ಲಕ್ಷಣಗಳಿಗೆ ಇಂಥ ಮರಗಳು ಹತ್ತು ಕೋಟಿ. ಆದರೆ ದತ್ತಾಂಶಕ್ಕೆ ಅತ್ಯುತ್ತಮವಾಗಿ ಹೊಂದುವ ಮರವನ್ನು ನೇರವಾಗಿ ಕಟ್ಟುವ ವಿಧಾನಕ್ಕೆ ಚೌ ಮತ್ತು ಲಿಯು ೧೯೬೮ರಲ್ಲಿಯೇ ತಳಹದಿ ಹಾಕಿದ್ದರು. ಆದಕಾರಣ ಇಲ್ಲಿ ಯುಕ್ತಿಯ ಅಗತ್ಯವೇ ಬೀಳಲಿಲ್ಲ.

ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿಯೂ ಇದೆ. ಮರದ ನಿರ್ಬಂಧವನ್ನು ಸಡಿಲಿಸಿ, ಯಾವ ಸಂಬಂಧವನ್ನಾದರೂ ಹುಡುಕಲು ಬಿಟ್ಟಾಗ, ಲಕ್ಷಣಗಳು ಹೆಚ್ಚಾಗಿದ್ದ ಕೆಲವು ಪಟ್ಟಿಗಳಲ್ಲಿ ಫಲಿತಾಂಶವು ಮುಗ್ಧಸೂತ್ರಕ್ಕಿಂತಲೂ ಕೆಳಗಿಳಿಯಿತು. ಕಾರಣ ಸ್ಪಷ್ಟ. ಶೋಧನೆ ನಡೆದದ್ದು ದತ್ತಾಂಶವನ್ನೆಲ್ಲ ಚೆನ್ನಾಗಿ ವರ್ಣಿಸುವ ಜಾಲಕ್ಕಾಗಿ. ಬೇಕಾಗಿದ್ದುದು ವರ್ಗವನ್ನು ಸರಿಯಾಗಿ ಹೇಳುವ ಜಾಲ. ಇದನ್ನರಿತು ಏಮನ್ ಕಿಯೋ ಮತ್ತು ಪಜ್ಜಾನಿಯವರು ೧೯೯೯ರಲ್ಲಿ, ಒಂದೊಂದು ಗೆರೆಯನ್ನು ಎಳೆದಾಗಲೂ ವರ್ಗೀಕರಣ ಎಷ್ಟು ಸುಧಾರಿಸಿತೆಂದು ನೋಡಿಕೊಂಡೇ ಮುಂದುವರಿಯುವ ಶೋಧನೆಯನ್ನು ರಚಿಸಿದರು.

೫

ಇಷ್ಟೆಲ್ಲ ತಿದ್ದುಪಡಿಗಳು ನಡೆಯುತ್ತಿದ್ದಾಗಲೇ ಎರಡು ಎಚ್ಚರಿಕೆಯ ಮಾತುಗಳೂ ಕೇಳಿಬಂದುವು.

ಒಂದು, ತಿದ್ದುವ ಅಗತ್ಯ ಭಾವಿಸಿದಷ್ಟು ಇಲ್ಲವೆಂಬುದು. ಪೆಡ್ರೊ ಡೊಮಿಂಗೋಸ್ ಮತ್ತು ಪಜ್ಜಾನಿಯವರು ೧೯೯೭ರಲ್ಲಿ, ಲಕ್ಷಣಗಳು ಸ್ವತಂತ್ರವಲ್ಲದಿದ್ದರೂ ಮುಗ್ಧಸೂತ್ರದ ತೀರ್ಪು ಅನೇಕ ವೇಳೆ ಸರಿಯಾಗಿಯೇ ಇರುವುದೇಕೆಂದು ವಿವರಿಸಿದರು. ಮೇಲಿನ ದೃಷ್ಟಾಂತದಲ್ಲಿ ನಿಜವಾದ ಅಂದಾಜು ೨ಕ್ಕೆ ೧, ಸೂತ್ರ ಹೇಳಿದ್ದು ೮ಕ್ಕೆ ೧. ಸಂಖ್ಯೆ ತಪ್ಪು, ಆದರೆ ಯಾವ ಪಕ್ಷ ಹೆಚ್ಚು ಸಂಭವನೀಯವೆಂಬ ತೀರ್ಪು ಎರಡರಲ್ಲಿಯೂ ಒಂದೇ. ತೀರ್ಪಷ್ಟೇ ಬೇಕಾದವನಿಗೆ ಉಬ್ಬಿದ ಸಂಖ್ಯೆಯಿಂದ ನಷ್ಟವಿಲ್ಲ.

ಎರಡನೆಯ ಎಚ್ಚರಿಕೆ ಶೋಧನೆಯನ್ನೇ ಕುರಿತದ್ದು. ೧೯೯೫ರಲ್ಲಿ ರಾಸ್ ಕ್ವಿನ್‌ಲನ್ ಮತ್ತು ಕ್ಯಾಮೆರಾನ್-ಜೋನ್ಸ್ ಅವರು, ಹುಡುಕುವಿಕೆಯನ್ನು ವಿಸ್ತರಿಸುತ್ತ ಹೋದಂತೆ ಸಿಕ್ಕುವ ಸೂತ್ರವು ಕೆಲವು ವೇಳೆ ಹದಗೆಡುವುದೆಂದು ತೋರಿಸಿ, ಅದನ್ನು ‘ಅತಿಶೋಧನೆ’ ಎಂದು ಕರೆದರು. ಸಾವಿರ ಪ್ರಸಂಗಗಳ ಪಟ್ಟಿಯಲ್ಲಿ ಲಕ್ಷ ಬಗೆಯಾಗಿ ಹುಡುಕಿದರೆ, ಕೇವಲ ಕಾಕತಾಳೀಯವಾಗಿ ಹೊಂದಿಕೊಂಡ ಗುಂಪೊಂದು ದೊರೆಯದೆ ಇರಲಾರದು. ೨೦೦೩ರಲ್ಲಿ ಯೂಹಾ ರೆಯುನಾನೆನ್ ಅವರು, ತೀವ್ರವಾದ ಶೋಧನೆಯು ಸರಳವಾದ ಶೋಧನೆಗಿಂತ ಮೇಲೆಂಬ ಕೆಲವು ಹಿಂದಿನ ತೀರ್ಮಾನಗಳನ್ನು ಪರಿಶೀಲಿಸಿದರು. ಶೋಧನೆಯಲ್ಲಿ ಯಾವ ಪಾತ್ರವನ್ನೂ ವಹಿಸದ ಬೇರೆ ದತ್ತಾಂಶದ ಮೇಲೆ ಪರೀಕ್ಷಿಸಿದಾಗ ಆ ಮೇಲ್ಮೆ ಬಹುಮಟ್ಟಿಗೆ ಉಳಿಯಲಿಲ್ಲ. ಲೆಕ್ಕ ಬರೆದವನೇ ಲೆಕ್ಕ ತನಿಖೆ ಮಾಡಬಾರದೆಂಬ ನಿಯಮ ಇಲ್ಲಿಯೂ ಸಲ್ಲುತ್ತದೆ.

ಕೊನೆಗೆ ೨೦೦೫ರಲ್ಲಿ ಆಸ್ಟ್ರೇಲಿಯದ ಜೆಫ್ರಿ ವೆಬ್ ಮತ್ತು ಅವರ ಸಂಗಡಿಗರು ಶೋಧನೆಯನ್ನೇ ಕೈಬಿಟ್ಟ ಸುಧಾರಣೆಯೊಂದನ್ನು ಪ್ರಕಟಿಸಿದರು. ಪ್ರತಿಯೊಂದು ಲಕ್ಷಣವನ್ನೂ ಸರದಿಯಂತೆ ಉಳಿದೆಲ್ಲವುಗಳ ಆಶ್ರಯವೆಂದು ಇಟ್ಟುಕೊಂಡು, ಹಾಗೆ ಬಂದ ಉತ್ತರಗಳ ಸರಾಸರಿಯನ್ನು ತೆಗೆಯುವುದು ಅದರ ಕ್ರಮ. ಒಬ್ಬ ಉತ್ತಮನನ್ನು ಹುಡುಕುವುದಕ್ಕಿಂತ ಪಂಚರ ಮಾತನ್ನು ಕೂಡಿಸಿ ಕೇಳುವುದು ಲೇಸೆಂಬ ಹಳೆಯ ವಿವೇಕವೇ ಇದರ ತಿರುಳು.

೬

ಈ ಎಲ್ಲ ವಿಚಾರಗಳೂ ಒಂದೆಡೆ ಸಂಧಿಸುವ ಉದಾಹರಣೆ ಸಾಲದ ದಾಖಲೆಯೇ ಆಗಿದೆ. ಅರ್ವೈನ್ ಭಂಡಾರದಲ್ಲಿ ‘ಜರ್ಮನ್ ಸಾಲ’ ಎಂಬ ಪಟ್ಟಿಯಿದೆ. ೧೯೯೪ರಲ್ಲಿ ಅಲ್ಲಿ ಸೇರಿದ ಇದು ಹ್ಯಾಂಬುರ್ಗ್ ವಿಶ್ವವಿದ್ಯಾಲಯದ ಹಾನ್ಸ್ ಹೋಫ್‌ಮನ್ ಅವರಿಂದ ಬಂದುದು. ಇದರಲ್ಲಿ ಸಾವಿರ ಸಾಲಗಾರರಿದ್ದಾರೆ: ಒಳ್ಳೆಯವರು ೭೦೦, ಕೆಟ್ಟವರು ೩೦೦. ಲಕ್ಷಣಗಳು ಇಪ್ಪತ್ತು. ಮರದಾಕಾರದ ಸೂತ್ರವನ್ನು ಪರೀಕ್ಷಿಸಿದ ೧೯೯೭ರ ಪ್ರಬಂಧವೂ ಈ ಪಟ್ಟಿಯನ್ನು ಬಳಸಿಕೊಂಡಿದೆ. ಕೆಟ್ಟ ಸಾಲಗಾರನನ್ನು ಒಳ್ಳೆಯವನೆಂದರೆ ೫, ಒಳ್ಳೆಯವನನ್ನು ಕೆಟ್ಟವನೆಂದರೆ ೧, ಹೀಗೆ ತಪ್ಪುಗಳ ಬೆಲೆಯನ್ನೂ ಪಟ್ಟಿಯೊಡನೆ ಕೊಟ್ಟಿದ್ದಾರೆ.

ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿದೊಡನೆ ಡೊಮಿಂಗೋಸ್ ಮತ್ತು ಪಜ್ಜಾನಿಯವರ ಸಮಾಧಾನ ಸಾಲದೆ ಹೋಗುತ್ತದೆ. ಇಲ್ಲಿ ಸಾಲ ಕೊಡಬೇಕಾದರೆ ಅಂದಾಜು ೫ಕ್ಕೆ ೧ನ್ನು ಮೀರಬೇಕು. ನಿಜವಾದ ಅಂದಾಜು ೨ಕ್ಕೆ ೧ ಆಗಿದ್ದರೆ ಕೊಡಬಾರದು; ಮೂರು ಬಾರಿ ಎಣಿಸಿದ ಮುಗ್ಧಸೂತ್ರ ೮ಕ್ಕೆ ೧ ಎಂದು ಹೇಳಿ ಕೊಡಿಸುತ್ತದೆ. ತೀರ್ಪಿನ ಹಿಂದೆ ಹಣವೋ ಪ್ರಾಣವೋ ಇರುವಲ್ಲಿ ಸಂಖ್ಯೆಯೂ ನಿಜವಾಗಿರಬೇಕು. ಲಕ್ಷಣಗಳನ್ನು ಆರಿಸುವ, ಬೆಸೆಯುವ, ಸಂಬಂಧಿಸುವ ಶೋಧನೆಗೆ ನಿಜವಾದ ಕೆಲಸವಿರುವುದು ಇಂಥ ಸ್ಥಳದಲ್ಲಿ.

ಆದರೆ ಶೋಧನೆಯ ಕೈಗೆ ಎಟುಕದ ದೋಷಗಳೂ ಇವೆ. ಬರ್ಲಿನ್ ನಗರದ ಸಂಖ್ಯಾಶಾಸ್ತ್ರಜ್ಞೆ ಉಲ್ರಿಕೆ ಗ್ರೋಂಪಿಂಗ್ ಅವರು ೨೦೧೯ರ ವರದಿಯಲ್ಲಿ ಈ ಪಟ್ಟಿಯನ್ನು ಅದರ ಮೂಲದೊಡನೆ ಹೋಲಿಸಿ ನೋಡಿದರು. ದಾಖಲೆಗಳು ೧೯೭೩ರಿಂದ ೧೯೭೫ರವರೆಗಿನವು, ದಕ್ಷಿಣ ಜರ್ಮನಿಯ ಒಂದು ಬ್ಯಾಂಕಿನವು. ಕೆಟ್ಟ ಸಾಲಗಳನ್ನು ವಾಸ್ತವಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಆರಿಸಿಕೊಂಡಿದ್ದುದರಿಂದ, ೭೦೦ಕ್ಕೆ ೩೦೦ ಎಂಬ ಮೊದಲ ಅಂದಾಜೇ ಲೋಕದ ಅಂದಾಜಲ್ಲ. ಸಂಕೇತಗಳ ವಿವರಣೆಯಲ್ಲಿಯೂ ಅನೇಕ ತಪ್ಪುಗಳಿದ್ದವು. ವಿವರಣೆಯಂತೆ ಸಾವಿರದಲ್ಲಿ ೯೬೩ ಜನ ವಿದೇಶೀ ಕಾರ್ಮಿಕರು. ವಾಸ್ತವವಾಗಿ ವಿದೇಶೀಯರು ಉಳಿದ ೩೭ ಮಂದಿ. ‘ಸ್ತ್ರೀ’ ಎಂದು ಓದಲಾಗಿದ್ದ ಸಂಕೇತದಲ್ಲಿ ಅವಿವಾಹಿತ ಪುರುಷರೂ ಸೇರಿದ್ದರು. ಚಾಲ್ತಿ ಖಾತೆಯೇ ಇಲ್ಲದವರೆಂದು ವರ್ಣಿತರಾದವರು ನಿಜವಾಗಿ ಖಾತೆಯಲ್ಲಿ ಉತ್ತಮ ಶಿಲ್ಕುಳ್ಳವರು.

ಇಷ್ಟು ವರ್ಷಗಳ ಪರೀಕ್ಷೆಗಳಲ್ಲಿ ಯಾವ ಸೂತ್ರವೂ ಇದನ್ನು ಹೊರಗೆಡಹಲಿಲ್ಲ. ಹೊರಗೆಡಹುವುದು ಸಾಧ್ಯವೂ ಇರಲಿಲ್ಲ. ಸೂತ್ರಕ್ಕೆ ಸಂಕೇತ ಮುಖ್ಯವೇ ಹೊರತು ಅದರ ಅರ್ಥವಲ್ಲ. ‘ಖಾತೆಯಿಲ್ಲ’ ಎಂಬ ಹೆಸರನ್ನು ‘ಖಾತೆ ತುಂಬಿದೆ’ ಎಂದು ಬದಲಿಸಿದರೂ ಎಣಿಕೆ, ಗುಣಾಕಾರ, ತೀರ್ಪು ಒಂದೂ ಬದಲಾಗುವುದಿಲ್ಲ. ಸರಿತಪ್ಪುಗಳ ಪ್ರಮಾಣವೂ ಅಷ್ಟೇ ಇರುತ್ತದೆ. ಖಾತೆಯಿಲ್ಲದವರೇ ಸಾಲವನ್ನು ಅತ್ಯಂತ ಚೆನ್ನಾಗಿ ತೀರಿಸುವರೆಂಬ ಫಲಿತಾಂಶವನ್ನು ಕಂಡು ‘ಇದು ಹೇಗಾದೀತು?’ ಎಂದು ಸಂಶಯಪಡುವುದು ವ್ಯವಹಾರವನ್ನು ಬಲ್ಲವನಿಂದ ಮಾತ್ರ ಆಗತಕ್ಕ ಕೆಲಸ. ವಿದೇಶೀಯರಿಗೂ ಸ್ತ್ರೀಯರಿಗೂ ಸೂತ್ರವು ನ್ಯಾಯ ಮಾಡುತ್ತದೆಯೇ ಎಂದು ಇಂಥ ಪಟ್ಟಿಯಿಂದ ವಿಚಾರಿಸಹೊರಟವರಿಗೆ ಈ ತಪ್ಪು ಎಷ್ಟು ದುಬಾರಿಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಟ್ಟಿನಲ್ಲಿ ಈ ಚರಿತ್ರೆಯಿಂದ ಸಿದ್ಧವಾಗುವುದಿಷ್ಟು. ಮುಗ್ಧಸೂತ್ರದ ಮುಗ್ಧತೆಯನ್ನು ಯುಕ್ತಿಶೋಧನೆ ಕಡಮೆ ಮಾಡಬಲ್ಲದು. ಒಂದೇ ಸಾಕ್ಷಿಯನ್ನು ಅನೇಕ ಬಾರಿ ಎಣಿಸುವ ದೋಷವನ್ನು ಅದು ನಿಜವಾಗಿಯೇ ತಿದ್ದಿದೆ. ಹುಡುಕುವ ಗುರಿಯು ಬೇಕಾದ ಫಲಕ್ಕೆ ಹೊಂದಿರಬೇಕು. ಹುಡುಕಾಟ ದತ್ತಾಂಶದ ಬಲವನ್ನು ಮೀರಬಾರದು. ಹುಡುಕಿದ್ದನ್ನು ಹುಡುಕಾಟಕ್ಕೆ ಸಂಬಂಧಿಸದ ಪ್ರಸಂಗಗಳ ಮೇಲೆ ಪರೀಕ್ಷಿಸಬೇಕು. ಈ ಮೂರು ನಿಯಮಗಳನ್ನು ಪಾಲಿಸಿದಲ್ಲಿ ಲಾಭ ನಿಶ್ಚಿತವಲ್ಲದಿದ್ದರೂ ಮೋಸಹೋಗುವ ಭಯ ಕಡಮೆ. ಆದರೆ ಪಟ್ಟಿಯಲ್ಲಿ ಬರೆದಿರುವುದರ ಅರ್ಥವೇನು, ಅದು ಎಲ್ಲಿಂದ ಬಂತು, ಯಾರನ್ನು ಆರಿಸಿ ಬರೆದದ್ದು ಎಂಬ ವಿಚಾರಣೆ ಶೋಧನೆಗಿಂತ ಮೊದಲು ನಡೆಯಬೇಕಾದುದು. ಆ ಭಾರವನ್ನು ಯಂತ್ರಕ್ಕೆ ವಹಿಸುವಂತಿಲ್ಲ.